ರೈಸ್ ಮಿಲ್ಲಿನ ಆರಾಮ ಕುರ್ಚಿ

ನಮ್ಮ ಬಿ.ಕಾಂ. ಪದವಿಯ ಕೊನೆಯ ವರ್ಷದಲ್ಲಿ ಪಾಠವಿರಲಿಲ್ಲ, ಆಫೀಸಿನ ಕೆಲಸಕ್ಕೇ ಅಂಕ ಕೊಡುತ್ತಿದ್ದರು. ಹಾಗಾಗಿ ನಾನು ಗಾದಿಗನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೊಸಪೇಟೆಯ ಒಬ್ಬ ಆಡಿಟರ್ ಬಳಿ ಅಪ್ರೆಂಟಿಸ್ ಆಗಿದ್ದೆ. ಎರಡು ತಿಂಗಳು ಬಿಲ್ಲುಗಳಿಗೆ ಪಿನ್ ಹೊಡೆದ ಮೇಲೆ ಸರ್ ಮೊದಲ ಸಲ ನನ್ನೊಬ್ಬಳನ್ನೇ ಹೊರಗೆ ಕಳಿಸಿದರು. ಕಂಪ್ಲಿಯ ಒಂದು ರೈಸ್ ಮಿಲ್ಲಿನ ಪುಸ್ತಕದಲ್ಲಿ ಬರೆದ ಯಂತ್ರ, ಸಾಮಾನುಗಳೆಲ್ಲ ನಿಜವಾಗಿಯೂ ಇವೆಯೇ ಎಂದು ನೋಡಿ, ಒಂದೊಂದಕ್ಕೂ ನಂಬರಿನ ಸ್ಟಿಕರ್ ಅಂಟಿಸಿ ಬರಬೇಕಿತ್ತು. ಕಣ್ಣಿಂದ ನೋಡದೆ ಟಿಕ್ ಹಾಕಬಾರದು, ನೋಡಿದ್ದೆಲ್ಲ ವರದಿಯಲ್ಲಿ ಬರೆಯಬೇಕು ಎಂದು ಮೂರು ಸಲ ಹೇಳಿದ್ದರು.

ಬಸ್ಸು ಬುಕ್ಕಸಾಗರ ದಾಟುವಾಗಲೇ ನಾನು ಅರ್ಧ ಆಡಿಟರ್ ಆಗಿಬಿಟ್ಟಿದ್ದೆ. ಮಿಲ್ಲಿನಲ್ಲಿ ತೂಕದ ಯಂತ್ರ ಸಿಕ್ಕಿತು, ಮೋಟಾರುಗಳು ಸಿಕ್ಕವು. ತೌಡಿನ ಧೂಳಿಗೆ ಸ್ಟಿಕರ್ ಅಂಟದೆ ದುಪಟ್ಟಾದಿಂದ ಒರೆಸಿ ಒರೆಸಿ ಅಂಟಿಸಿದೆ. ನಾಲ್ಕು ಸಾಮಾನು ಮಾತ್ರ ಕಾಣಲಿಲ್ಲ. ಅವು ಮಿಲ್ಲಿನ ಹಿಂದಿರುವ ತಮ್ಮ ಮನೆಯಲ್ಲಿವೆ, ಇವೆ ಎಂದು ಬರೆದುಕೊಂಡರೆ ಸಾಕು ಎಂದರು ಮಾಲೀಕರು. ನಾನು ನೋಡಲೇಬೇಕು ಎಂದೆ.

ಮೊದಲನೆಯದು ತೇಗದ ಆರಾಮ ಕುರ್ಚಿ. ಅದರಲ್ಲಿ ಮಾಲೀಕರ ತಾಯಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಸ್ವಲ್ಪ ಏಳಬೇಕೆಂದು ಕೇಳಿದೆ. ಮೊಣಕಾಲು ನೋವು, ಏಳಲಾಗುವುದಿಲ್ಲ, ಅದೇನು ಹಚ್ಚುತ್ತೀಯೋ ಹಚ್ಚು ಎಂದರು. ನಾನು ಹಿಂದೆ ಬಗ್ಗಿ, ಕುರ್ಚಿಯ ಸಂದಿಯಲ್ಲಿ ಕೈ ತೂರಿಸಿ ಅಂಟಿಸಿದೆ. ಮರುಕ್ಷಣವೇ ಅಜ್ಜಿ ನನಗೆ ಮಜ್ಜಿಗೆ ತರಲೆಂದು ತಾವಾಗಿಯೇ ಎದ್ದು ಅಡುಗೆಮನೆಗೆ ನಡೆದರು. ಮಿಲ್ಲಿನ ಆಸ್ತಿ ನಂಬರ್ ಮೂವತ್ತೊಂದು ಅವರ ಸೀರೆಯ ಹಿಂಭಾಗದಲ್ಲಿ ಹೊರಟಿತ್ತು.

ಹಿಂದೆಯೇ ಓಡಿ ವಿಷಯ ತಿಳಿಸಿದೆ. ಅವರು ಸ್ಟಿಕರ್ ಕಿತ್ತು, ಕಣ್ಣಿನ ಹತ್ತಿರ ಹಿಡಿದು, ಏನಿದು ಎಂದರು. ಕುರ್ಚಿ ಮಿಲ್ಲಿಗೆ ಸೇರಿದ್ದು ಎಂಬ ಗುರುತು ಎಂದೆ.

“ಮಿಲ್ಲಿಂದು ಹೆಂಗಾತವ್ವಾ? ನನ್ ಲಗ್ನದಾಗ ನಮ್ಮಪ್ಪ ಕೊಟ್ಟ ಕುರ್ಚಿ ಇದು. ಆವಾಗ ಈ ಮಿಲ್ಲೂ ಇದ್ದಿಲ್ಲ, ನನ್ ಮಗನೂ ಇದ್ದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಮಗ ಮೆಲ್ಲಗೆ, “ಅವ್ವಾ, ಸುಮ್ನಿರು. ಅದು ಬರೇ ಟ್ಯಾಕ್ಸಿನ ಲೆಕ್ಕಕ್ಕ,” ಎಂದರು.

“ಲೆಕ್ಕಕ್ಕಂದ್ರ ನನ್ನ ಕೇಳಬ್ಯಾಡೇನು? ಆ ಪಟ್ಟಿ ಓದವ್ವಾ ನೀನು.”

ನಾನು ಮಾಲೀಕರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಓದಿದೆ. ಬೀರು ಎಂದಾಗ ಅಜ್ಜಿ ಕೈ ಎತ್ತಿದರು; ಅದು ಎಮ್ಮೆಯ ಹಾಲು ಮಾರಿ ತಾವು ಕೊಂಡದ್ದಂತೆ. ಟೇಬಲ್ ಫ್ಯಾನ್ ಮೊಮ್ಮಗಳು ಓಟದಲ್ಲಿ ಗೆದ್ದು ತಂದದ್ದು. ‘ಚೀಲ ಹೊಲಿಯುವ ಯಂತ್ರ’ದಲ್ಲಿ ಸೊಸೆ ರವಿಕೆ ಬಿಟ್ಟು ಬೇರೇನೂ ಹೊಲಿದಿರಲಿಲ್ಲ, ಒಳಗಿನಿಂದಲೇ ಹೌದೆಂದು ಕೂಗಿ ಹೇಳಿದರು. ನನಗೆ ಭಯವೇ ಆಯಿತು. ಆಡಿಟ್ ನನ್ನ ಕೈಬಿಟ್ಟು ಅಜ್ಜಿಯ ಕೈಗೆ ಹೋಗಿತ್ತು. ಅದು ಮುಗಿದ ಮೇಲೆ ಅವರು ನನ್ನನ್ನು ಊಟಕ್ಕೆ ಕೂರಿಸಿದರು, ಮಗನಿಗೂ ಒಂದು ತಟ್ಟೆ ಹಾಕಿದರು. ಮಾಲೀಕರು ತಲೆ ಎತ್ತದೆ ಉಂಡರು.

ಸಂಜೆ ಆಫೀಸಿನಲ್ಲಿ ವರದಿ ಕೊಟ್ಟೆ. ಆಫೀಸಿನ ದೊಡ್ಡ ಗಿರಾಕಿಯನ್ನು ಎದುರು ಹಾಕಿಕೊಂಡೆನಲ್ಲ, ನಾಳೆಯಿಂದ ಮತ್ತೆ ಪಿನ್ ಹೊಡೆಯುವುದೇ ಗತಿ ಎಂದುಕೊಂಡಿದ್ದೆ. ಸರ್ ಗಂಭೀರವಾಗಿ ಓದಿದರು. ಕೆಂಪು ಪೆನ್ನಿನಿಂದ ಮಿಲ್ಲಿನ ಪಟ್ಟಿಯಲ್ಲಿ ಆ ನಾಲ್ಕು ಸಾಮಾನು ಹೊಡೆದು ಹಾಕಿದರು. ಆಮೇಲೆ ನನ್ನ ವರದಿಯಲ್ಲೂ ಒಂದು ಸಾಲು ಹೊಡೆದರು. ‘ಮಧ್ಯಾಹ್ನ ಎರಡು ರೊಟ್ಟಿ, ಪುಂಡಿಪಲ್ಯ ಉಂಡೆನು’ ಎಂದು ನಾನು ಪ್ರಾಮಾಣಿಕವಾಗಿ ಬರೆದಿದ್ದೆ.

“ಪಲ್ಯ ಚಲೋ ಇತ್ತೇನು?” ಎಂದು ಕೇಳಿದರು.

ಭಾಳ ಚಲೋ ಇತ್ರಿ ಸರ್ ಎಂದೆ.