ಒಡೆಯಲೆಂದೇ ಅಂಟಿಸಿದ ಗಾಜು

ಊರನ್ನು ಎರಡು ಮಾಡಿ ಹರಿಯುವ ಹೊಳೆಗೆ ಆ ಊರಲ್ಲಿ ಇರುವುದು ಒಂದೇ ಸೇತುವೆ. ಆ ಸೇತುವೆಯನ್ನು ನೋಡಿಕೊಳ್ಳುವವಳೂ ಒಬ್ಬಳೇ. ಊರವರು ಅವಳನ್ನು ಸೇತುವೆ ಅಕ್ಕ ಎನ್ನುತ್ತಾರೆ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಾರೆ, ಜಗಳವಾದ ದಿನ ಗಂಡನೂ ಹಾಗೆಯೇ ಕರೆಯುತ್ತಾನೆ. ರಸ್ತೆ ಇಲಾಖೆಯಲ್ಲಿ ಅವಳ ಕೆಲಸಕ್ಕೆ ಮೊಳದುದ್ದದ ಹೆಸರೊಂದಿದೆ. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸಿದ್ದಿಲ್ಲ.

ಪ್ರತಿ ಗುರುವಾರ ಬೆಳಿಗ್ಗೆ ಅವಳು ಏಣಿ, ಸುತ್ತಿಗೆ, ಸೀಮೆಸುಣ್ಣ ತೆಗೆದುಕೊಂಡು ಸೇತುವೆಯ ಕೆಳಗೆ ಇಳಿಯುತ್ತಾಳೆ. ಅಲ್ಲಿ ಆರು ಕಂಬಗಳಿವೆ. ಒಂದೊಂದನ್ನೂ ಕೈಗೆಟುಕುವವರೆಗೆ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾಳೆ. ಗಟ್ಟಿಯಾಗಿರುವ ಕಾಂಕ್ರೀಟು ಟಣ್ ಎನ್ನುತ್ತದೆ, ಒಳಗೊಳಗೇ ಬಿಟ್ಟುಕೊಂಡದ್ದು ಬೊದ್ದೆನ್ನುತ್ತದೆ. ಬೊದ್ದೆಂದ ಕಡೆ ಸೀಮೆಸುಣ್ಣದಲ್ಲಿ ಗೀಟು ಎಳೆದರೆ ಮುಗಿಯಿತು, ಮಾರನೆಯ ವಾರ ಗಾರೆಯವರು ಬಂದು ಅಲ್ಲಿ ಕೆತ್ತಿ ಮೆತ್ತುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಅವಳ ಕಿವಿ ಒಮ್ಮೆಯೂ ತಪ್ಪಿರಲಿಲ್ಲ. ಬೇಸಿಗೆಯಲ್ಲಿ ಹಣ್ಣಿನ ಅಂಗಡಿಯವನು ಕಲ್ಲಂಗಡಿ ತಟ್ಟಿ ನೋಡಲು ಅವಳನ್ನೇ ಕರೆಯುತ್ತಿದ್ದ. ಅವಳು ಕಿವಿಗೊಟ್ಟು ಕೇಳಿ ಇದು ಹಣ್ಣು, ಇದು ಕಾಯಿ ಎಂದು ಬೇರೆ ಮಾಡಿದರೆ ಅದರ ಮೇಲೆ ಅಪೀಲಿರಲಿಲ್ಲ.

ಇಷ್ಟು ಕಿವಿ ಇದ್ದವಳಿಗೆ ಒಂದಿಷ್ಟು ಜಂಬ ಇರದೆ ಇರುತ್ತದೆಯೇ? ಇತ್ತು, ಚೆನ್ನಾಗಿಯೇ ಇತ್ತು.

ಆ ವರ್ಷ ಎಲ್ಲೋ ದೂರದ ಊರಿನಲ್ಲಿ ಹಳೆಯ ಸೇತುವೆಯೊಂದು ಹಾಡಹಗಲೇ ಕುಸಿದು ಬಿತ್ತು. ಟೀವಿಯವರು ವಾರವಿಡೀ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಮೊನ್ನೆಯವರೆಗೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹರಟೆ ಹೊಡೆಯುತ್ತಿದ್ದ ಜನ ಈಗ ಜೀವ ಕೈಯಲ್ಲಿ ಹಿಡಿದುಕೊಂಡು ದಾಟತೊಡಗಿದರು. ಅರವತ್ತು ದಾಟಿದ ಸೇತುವೆ ಇದು, ಇದರ ಗತಿಯೇನು ಎಂದು ಕ್ಷೌರದ ಅಂಗಡಿಯಿಂದ ಆಸ್ಪತ್ರೆಯ ಸಾಲಿನವರೆಗೆ ಒಂದೇ ಮಾತು.

ಅವರಲ್ಲೆಲ್ಲ ಮುಂದಾಳು ಎಂದರೆ ನಿವೃತ್ತ ಲೆಕ್ಕದ ಮೇಷ್ಟ್ರು. ಆಚೆ ದಡದ ಗ್ರಂಥಾಲಯಕ್ಕೆ ಅವರು ದಿನವೂ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗುತ್ತಿದ್ದರು. ಆ ಬಸ್ಸಿನ ಡ್ರೈವರ್ ನಮ್ಮ ಸೇತುವೆ ಅಕ್ಕನ ಗಂಡನೇ. ಒಂದು ದಿನ ಮೇಷ್ಟ್ರು ಸೇತುವೆಯ ಈ ತುದಿಯಲ್ಲಿ ಬಸ್ಸು ನಿಲ್ಲಿಸಲು ಹೇಳಿ ಇಳಿದು, ಕೊಡೆ ಊರಿಕೊಂಡು ನಡೆದೇ ದಾಟಿ, ಆ ತುದಿಯಲ್ಲಿ ಮತ್ತೆ ಹತ್ತಿದರು. ಮರುದಿನ ಅವರ ಜೊತೆ ನಾಲ್ಕು ಜನ ಇಳಿದರು. ವಾರದೊಳಗೆ ಇಡೀ ಬಸ್ಸೇ ಇಳಿಯತೊಡಗಿತು. ಮುಂದೆ ಖಾಲಿ ಬಸ್ಸು ಆಮೆಯಂತೆ ಹೋಗುವುದು, ಹಿಂದೆ ಐವತ್ತು ಜನ ಚೀಲ, ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ನಡೆಯುವುದು.

ಸೇತುವೆ ಅಕ್ಕ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೇಷ್ಟ್ರೇ, ನೀವು ಲೆಕ್ಕ ಹೇಳ್ಕೊಟ್ಟೋರು. ಬಸ್ಸಲ್ಲಿ ಕೂತ್ರೂ ಅಷ್ಟೇ ಭಾರ, ನಡೆದ್ರೂ ಅಷ್ಟೇ ಭಾರ. ಸೇತುವೆಗೇನು ಉಳೀತು?"

"ಸೇತುವೆಗೆ ಉಳಿಯೋದು ಬೇಡಮ್ಮಾ, ನನಗೆ ಉಳಿದ್ರೆ ಸಾಕು. ನೀರಿಗೆ ಬಿದ್ರೆ ಬಸ್ಸಿನ ಹೊರಗಿದ್ದೋನು ಈಜಬಹುದು."

"ನಾನಿರೋವರೆಗೆ ಇದು ಬೀಳಲ್ಲ. ಎದೆ ತಟ್ಟಿ ಹೇಳ್ತೀನಿ."

ಈ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿ ಬಂತು. ಜನರಿಗೆ ಬೇಕಾಗಿದ್ದದ್ದೂ ಅದೇ. ಅಕ್ಕನೇ ಹೇಳಿದಳಂತೆ, ಇನ್ನೇನು ಹೆದರಿಕೆ ಎಂದು ಅರ್ಧ ಜನ ಬಸ್ಸಿನಿಂದ ಇಳಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಮಾತ್ರ ಇಳಿಯುತ್ತಲೇ ಇದ್ದರು. ಊರಿನವರು ಅವರನ್ನು ಕಂಡು ಮುಸಿಮುಸಿ ನಗುತ್ತಿದ್ದರು, ಅಕ್ಕ ಮಾತ್ರ ಬಾಯಿ ತುಂಬಾ ನಗುತ್ತಿದ್ದಳು.

ಇಲಾಖೆಯಿಂದ ಹೊಸ ಇಂಜಿನಿಯರ್ ಬಂದದ್ದು ಆ ದಿನಗಳಲ್ಲೇ. ಹಳೆಯ ಸೇತುವೆಗಳನ್ನೆಲ್ಲ ಪರೀಕ್ಷೆ ಮಾಡಿ ವರದಿ ಕೊಡಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಬಂದವಳು ಮೂವತ್ತು ದಾಟದ ಹುಡುಗಿ, ಹೆಲ್ಮೆಟ್ಟು ತಲೆಗಿಂತ ದೊಡ್ಡದು. ಅಕ್ಕ ಮೊದಲು ಒಳಗೊಳಗೇ ಮೂಗು ಮುರಿದಳು. ಆದರೆ ಹುಡುಗಿ ಬಂದ ಕೂಡಲೇ ಕುರ್ಚಿ ಹುಡುಕದೆ ಏಣಿ ಎಲ್ಲಿ ಎಂದು ಕೇಳಿದ್ದರಿಂದ ಮುರಿದ ಮೂಗು ಸರಿಹೋಯಿತು. ಅಕ್ಕನ ರಿಜಿಸ್ಟರು ನೋಡಿ ಹುಡುಗಿ ಬೆರಗಾದಳು. ಒಂದು ಗುರುವಾರವೂ ತಪ್ಪಿಲ್ಲ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೂರನೆಯ ಕಂಬದ ತಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದಿದೆ, ಅದರ ಮೇಲೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದೆ ಎಂದು ಬರೆದಿತ್ತು. ಮುಂದೆ ಪ್ರತಿ ವಾರವೂ ಒಂದೇ ಸಾಲು: ಗಾಜು ಸರಿಯಾಗಿದೆ.

ಇಬ್ಬರೂ ಮೂರನೆಯ ಕಂಬಕ್ಕೆ ಏಣಿ ಹಾಕಿ ಹತ್ತಿದರು. ಗಾಜು ಸರಿಯಾಗಿಯೇ ಇತ್ತು, ಹೊಳೆಯುತ್ತಿತ್ತು. ಅದರ ಮೂಲೆಯಲ್ಲಿ ಅಂಟಿಸಿದ ತಾರೀಕು ಬಿಳಿ ಪೇಂಟಿನಲ್ಲಿ ಕಾಣುತ್ತಿತ್ತು. ಅದನ್ನು ಓದಿದ ಇಂಜಿನಿಯರ್ ಹುಡುಗಿ ಅಕ್ಕನ ಕಡೆ ತಿರುಗಿದಳು.

"ಅಕ್ಕಾ, ಇದು ಕಳೆದ ಗುರುವಾರ ಅಂಟಿಸಿದ್ದು."

"ಹೌದು ಮೇಡಂ. ಹಳೇದು ಒಡೆದಿತ್ತು, ಹೊಸದು ಹಾಕ್ದೆ."

"ಅದಕ್ಕೂ ಹಿಂದೆ?"

"ಅದೂ ಒಡೆದಿತ್ತು. ಈಗಿನ ಗಾಜು ಮೊದಲಿನ ಹಾಗೆ ಇಲ್ಲ ಬಿಡಿ. ಉಗ್ರಾಣದೋರ ಜೊತೆ ನಾನೇ ಜಗಳ ಆಡಿ ದಪ್ಪ ಗಾಜು ತರ್ಸಿದೆ, ಅದೂ ಉಳೀಲಿಲ್ಲ."

ಹುಡುಗಿ ಏಣಿಯ ಮೇಲೆಯೇ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕೆಳಗಿಳಿದು, ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ, ಬೈಯದೆ ಮೆಲ್ಲಗೆ ತಿಳಿಸಿ ಹೇಳಿದಳು. ಬಿರುಕು ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ, ಬಿರುಕು ಅಗಲವಾಗುತ್ತಿದ್ದರೆ ಗಾಜು ಎರಡು ಹೋಳಾಗುತ್ತದೆ. ಒಡೆಯುವುದೇ ಅದರ ಕೆಲಸ. ಒಡೆದರೆ ಓಡಿ ಬಂದು ಹೇಳಬೇಕು.

ಅಕ್ಕನಿಗೆ ಈ ಕೆಲಸ ಕಲಿಸಿದ್ದ ಹಿಂದಿನ ಮೇಸ್ತ್ರಿ ಹೇಳಿದ್ದು ಒಂದೇ ಮಾತು, ಸಾಹೇಬರು ಬಂದಾಗ ಗಾಜು ಒಡೆದಿರಬಾರದು ಎಂದು. ಸೇತುವೆಯ ದೀಪದ ಬಲ್ಬು ಬದಲಿಸುವುದೂ ಅವಳದೇ ಕೆಲಸ. ಬಲ್ಬು ಹೋದರೆ ಬಲ್ಬು, ಗಾಜು ಹೋದರೆ ಗಾಜು ಎಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬದಲಿಸಿದ್ದಳು. ಹೊಸದು ಅಂಟಿಸಿದ ಮೇಲೆ ತಾನೆ ಬರೆಯುವುದು, ಸರಿಯಾಗಿದೆ ಎಂದೇ ಬರೆದಿದ್ದಳು. ಬರೆದದ್ದು ಒಂದಕ್ಷರವೂ ಸುಳ್ಳಲ್ಲ. ಬೇರೆ ಯಾರಾದರೂ ಸೋಮಾರಿ ಈ ಕೆಲಸದಲ್ಲಿದ್ದಿದ್ದರೆ ಒಡೆದ ಗಾಜು ಒಡೆದೇ ಇರುತ್ತಿತ್ತು, ಯಾರದ್ದಾದರೂ ಕಣ್ಣಿಗೆ ಬೀಳುತ್ತಿತ್ತು. ಇವಳ ಅಚ್ಚುಕಟ್ಟುತನವೇ ಎಲ್ಲವನ್ನೂ ಮುಚ್ಚಿ ಹಾಕಿತ್ತು.

ಆದರೆ ಅಚ್ಚುಕಟ್ಟುತನ ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ಕೆಳಗೆ ಬರಿಗಾಲಲ್ಲಿ ಬಟ್ಟೆ ಒಗೆಯುವವರು ಓಡಾಡುತ್ತಾರೆ, ಚೂರು ಚುಚ್ಚೀತು ಎಂದು ಅವಳು ಒಡೆದ ಗಾಜುಗಳನ್ನೆಲ್ಲ ಆರಿಸಿ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಸೇತುವೆಯ ಪಕ್ಕದ ಸಾಮಾನಿನ ಕೋಣೆಯಿಂದ ಆ ಡಬ್ಬಿ ತಂದು ಹುಡುಗಿಯ ಮುಂದೆ ಸುರಿದಳು. ಪ್ರತಿ ಗಾಜಿನ ಮೇಲೂ ತಾರೀಕು. ಇಬ್ಬರೂ ನೆಲದ ಮೇಲೆ ಕೂತು ಸಾಲಾಗಿ ಜೋಡಿಸಿದರು. ಮೊದಲನೆಯದು ಹದಿನಾಲ್ಕು ತಿಂಗಳು ಬಾಳಿತ್ತು. ಎರಡನೆಯದು ಎಂಟು ತಿಂಗಳು. ಆಮೇಲೆ ಐದು ತಿಂಗಳು, ಎರಡು ತಿಂಗಳು, ಮೂರು ವಾರ. ಕೊನೆಯ ಎರಡು ಒಂದೊಂದೇ ವಾರ.

ಇಂಜಿನಿಯರ್ ಆಗಲೇ ಫೋನು ತೆಗೆದಳು. ಸಂಜೆಯೊಳಗೆ ಆಜ್ಞೆ ಬಂತು, ಸೇತುವೆಯ ಎರಡೂ ತುದಿಗೆ ಡ್ರಮ್ಮು ಉರುಳಿಸಿ, ಸಂಚಾರ ನಿಷೇಧ ಎಂಬ ಬೋರ್ಡು ನಿಲ್ಲಿಸಿದರು. ಹೊರಡುವ ಮೊದಲು ಹುಡುಗಿ ಅಕ್ಕನ ಭುಜ ಮುಟ್ಟಿ, ಗಾಜು ಬದಲಿಸಿದ ವಿಷಯ ವರದಿಯಲ್ಲಿ ಬರೆಯುತ್ತೇನೆ, ಯಾರು ಬದಲಿಸಿದರು ಎಂದು ಬರೆಯುವುದಿಲ್ಲ ಎಂದಳು. ಅಕ್ಕ ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ದಿನಕ್ಕೆ ಎಂಟು ಸಲ ಆ ಸೇತುವೆಯ ಮೇಲೆ ಬಸ್ಸು ಓಡಿಸುವ ಮನುಷ್ಯ ಅವನು. ಆದರೂ, ನಾಳೆಯಿಂದ ಪಕ್ಕದೂರಿನ ಸೇತುವೆಯ ಬಳಸು ರಸ್ತೆ ಅಂದರೆ ಒಂದು ಗಂಟೆ ಜಾಸ್ತಿ, ಬೇಗ ಎಬ್ಬಿಸು ಎಂದಷ್ಟೇ ಹೇಳಿದ. ಅವಳಿಗೆ ಅಳು ಬಂದದ್ದು ಆಗ.

ಬೆಳಿಗ್ಗೆ ಏಳಕ್ಕೆ ಸೇತುವೆಯ ಹತ್ತಿರ ಬಂದು ನೋಡಿದರೆ ಡ್ರಮ್ಮುಗಳು ರಸ್ತೆಯ ಬದಿಗಿದ್ದವು. ಸ್ಕೂಟರು, ಆಟೋ, ತರಕಾರಿ ಗಾಡಿಗಳು ರಾಜಾರೋಷವಾಗಿ ದಾಟುತ್ತಿದ್ದವು. ಇಂಜಿನಿಯರ್ ಹುಡುಗಿ ನಡುರಸ್ತೆಯಲ್ಲಿ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ತರಕಾರಿಯವನು ಹೋಗುತ್ತ ಹೋಗುತ್ತಲೇ ಬುದ್ಧಿ ಹೇಳಿದ.

"ನೀವು ನಿನ್ನೆ ಬಂದೋರು ಮೇಡಂ. ಇದು ಬೀಳಲ್ಲ ಅಂತ ನಮ್ಮ ಸೇತುವೆ ಅಕ್ಕನೇ ಹೇಳಿದಾಳೆ."

ಆ ಮಾತು ಅಕ್ಕನ ಕಿವಿಗೆ ಬಿತ್ತು. ಯಾವ ಮಾತನ್ನು ಅವಳು ಇಷ್ಟು ದಿನ ಎದೆಯುಬ್ಬಿಸಿ ಆಡಿದ್ದಳೋ ಅದೇ ಮಾತು ಈಗ ಜನರನ್ನು ಮೂರನೆಯ ಕಂಬದ ಮೇಲೆ ಕಳಿಸುತ್ತಿತ್ತು. ಅದನ್ನು ಹಿಂದಕ್ಕೆ ಕರೆಯಲು ಇಲಾಖೆಯ ಬೋರ್ಡಿನಿಂದ ಆಗುವುದಿಲ್ಲ, ಪೊಲೀಸಿನಿಂದಲೂ ಆಗುವುದಿಲ್ಲ. ಆಡಿದವಳೇ ಕರೆಯಬೇಕು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಡ್ರಮ್ಮುಗಳನ್ನು ಒಂದೊಂದಾಗಿ ಉರುಳಿಸಿ ತಂದು ರಸ್ತೆಗೆ ಅಡ್ಡ ನಿಲ್ಲಿಸಿ, ಸಾಮಾನಿನ ಕೋಣೆಯಿಂದ ಬಿಸ್ಕತ್ತಿನ ಡಬ್ಬಿ ತಂದು ಒಂದರ ಮೇಲಿಟ್ಟು, ಎದುರಿಗೆ ಕೈಕಟ್ಟಿ ನಿಂತಳು. ಗಾಡಿಗಳು ನಿಂತವು. ಸೇತುವೆ ತುದಿಯ ಜನರನ್ನು ಹತ್ತಿಸಿಕೊಂಡು ಬಳಸು ರಸ್ತೆ ಹಿಡಿಯಲು ಬಂದ ಬಸ್ಸೂ ಅವುಗಳ ಹಿಂದೆ ನಿಂತಿತು. ಗ್ರಂಥಾಲಯಕ್ಕೆ ಹೊರಟ ಮೇಷ್ಟ್ರು ಆ ಬಸ್ಸು ಹಿಡಿಯಲು ಬಂದವರು ಕೊಡೆ ಊರಿಕೊಂಡು ಮುಂದೆ ಬಂದರು.

ಅಕ್ಕ ಡಬ್ಬಿಯಿಂದ ಒಡೆದ ಗಾಜೊಂದನ್ನು ಎತ್ತಿ ಹಿಡಿದಳು. ದನಿ ನಡುಗಲಿಲ್ಲ. ಅವಳ ದನಿ ನಡುಗುವ ಜಾತಿಯದಲ್ಲ.

"ಬೀಳಲ್ಲ ಅಂತ ಹೇಳಿದ್ದು ನಾನು. ತಪ್ಪು ಹೇಳಿದ್ದೆ. ಮೂರನೇ ಕಂಬ ಅಲ್ಲಾಡ್ತಿದೆ. ಇದು ಅಲ್ಲಾಡ್ತಿದೆ ಅಂತ ಈ ಗಾಜು ಏಳು ಸಲ ಹೇಳ್ತು, ನಾನು ಏಳು ಸಲಾನೂ ಗಾಜು ಬದಲಾಯಿಸಿ, ಸರಿಯಾಗಿದೆ ಅಂತ ಬರೆದೆ. ಗಾಜಿನ ಮೇಲೆ ತಾರೀಕಿದೆ, ಬೇಕಾದೋರು ಬಂದು ಓದ್ಕೊಳ್ಳಿ. ಇನ್ನು ದಾಟೋರು ನನ್ನ ಮೇಲೆ ಗಾಡಿ ಹತ್ತಿಸ್ಕೊಂಡು ದಾಟಬೇಕು."

ತರಕಾರಿಯವನು ನಾಲಿಗೆ ಕಚ್ಚಿಕೊಂಡ. ಯಾರೂ ಬೈಯಲಿಲ್ಲ. ಬೈದಿದ್ದರೇ ಅವಳಿಗೆ ಹಗುರವಾಗುತ್ತಿತ್ತೇನೋ. ಅವಳು ಮೇಷ್ಟ್ರ ಕಡೆ ತಿರುಗಿ, ನೀವು ಹೆದರಿದ್ದೇ ಸರಿ ಮೇಷ್ಟ್ರೇ, ನಕ್ಕಿದ್ದು ತಪ್ಪಾಯ್ತು ಎಂದಳು. ಮೇಷ್ಟ್ರು ಡಬ್ಬಿಯಲ್ಲಿದ್ದ ಗಾಜುಗಳನ್ನು ಒಂದೊಂದಾಗಿ ಕನ್ನಡಕದ ಹತ್ತಿರ ಹಿಡಿದು ಓದಿ, ಮತ್ತೆ ಜೋಪಾನವಾಗಿ ಒಳಗಿಟ್ಟರು. ಬಸ್ಸಿನ ಸ್ಟಿಯರಿಂಗು ಹಿಡಿದಿದ್ದ ಗಂಡ ಬಸ್ಸನ್ನು ಹಿಂದಕ್ಕೆ ತೆಗೆದು, ಬಳಸು ರಸ್ತೆಗೆ ತಿರುಗಿಸಿದ. ಅವನ ಹಿಂದೆ ಉಳಿದ ಗಾಡಿಗಳೂ ತಿರುಗಿದವು.

ಆಮೇಲೆ ಅಕ್ಕ ಇಂಜಿನಿಯರ್ ಹತ್ತಿರ ಹೋಗಿ, "ವರದೀಲಿ ನನ್ನ ಹೆಸರು ಬರೀರಿ ಮೇಡಂ. ಇಲ್ಲದಿದ್ರೆ ಇನ್ನೊಂದು ಸೇತುವೆ ಕೆಳಗೆ ಇನ್ನೊಬ್ಬಳು ಹೀಗೇ ಗಾಜು ಬದಲಾಯಿಸ್ತಾ ಇರ್ತಾಳೆ" ಎಂದಳು.

ಬರೆದರು. ಅವಳಿಗೆ ನೋಟೀಸು ಬಂತು, ಎರಡು ತಿಂಗಳು ಮನೆಯಲ್ಲಿ ಕೂರಿಸಿದರು. ನೀರಿಗಿಳಿದು ನೋಡಿದವರು ಮೂರನೆಯ ಕಂಬದ ಬುಡದ ಮಣ್ಣು ಅರ್ಧಕ್ಕರ್ಧ ಕೊಚ್ಚಿಹೋಗಿ ಕಂಬ ವಾಲುತ್ತಿದೆ ಎಂದರು. ಮೇಲಿನ ಕಾಂಕ್ರೀಟು ಮಾತ್ರ ಕಲ್ಲಿನಂತಿತ್ತು. ಕಿವಿ ತಪ್ಪಿರಲಿಲ್ಲ, ಬುಡ ಮಾತ್ರ ಸುತ್ತಿಗೆಗೆ ಸಿಗುವಂಥದ್ದಲ್ಲ. ಕೆಲಸಕ್ಕೆ ಮರಳಿದ ಮೇಲೆ ಇಲಾಖೆ ಅವಳನ್ನು ಬೇರೆ ಬೇರೆ ಊರಿಗೆ ಕಳಿಸಿತು, ಡಬ್ಬಿ ತೋರಿಸಿ ಪಾಠ ಹೇಳಲು. ಹೋದಲ್ಲೆಲ್ಲ ಅವಳು ಮೊದಲು ಕೇಳುತ್ತಿದ್ದದ್ದು, ನಿಮ್ಮಲ್ಲಿ ಗಾಜು ಬದಲಿಸುವವರು ಯಾರು ಎಂದು. ಎರಡು ಊರಲ್ಲಿ ಕೈ ಎತ್ತಿದವರಿದ್ದರು.

ಒಂಬತ್ತು ತಿಂಗಳ ಮೇಲೆ, ಬುಡಕ್ಕೆ ಹೊಸ ಕಾಂಕ್ರೀಟು ತುಂಬಿ, ಸೇತುವೆ ತೆರೆದರು. ಬೆಳಗಿನ ಮೊದಲ ಬಸ್ಸು ಬಂದು ಈ ತುದಿಯಲ್ಲಿ ನಿಂತಿತು. ಡ್ರೈವರ್ ಬಾಗಿಲು ತೆರೆದ, ಯಾರೂ ಇಳಿಯಲಿಲ್ಲ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಏಣಿ ಹೊತ್ತು ಕೆಳಗಿನಿಂದ ಹತ್ತಿ ಬರುತ್ತಿದ್ದವಳನ್ನು ಕೂಗಿ ಕೇಳಿದರು.

"ಏನಮ್ಮಾ, ಹೋಗಬಹುದಾ?"

ಇಡೀ ಬಸ್ಸು ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಏಣಿ ಇಳಿಸಿ, ಕೈಯ ಸೀಮೆಸುಣ್ಣದ ಧೂಳು ಕೊಡವಿಕೊಂಡಳು.

"ಈಗ ತಾನೇ ನೋಡ್ಕೊಂಡು ಬಂದೆ. ಇವತ್ತು ಹೋಗಬಹುದು. ನಾಳೇದು ನಾಳೆ ನೋಡಿ ಹೇಳ್ತೀನಿ."

ಮೇಷ್ಟ್ರು ತಲೆ ಒಳಗೆಳೆದುಕೊಂಡು ಸೀಟಿಗೆ ಒರಗಿ ಕೂತರು. ಬಸ್ಸು ಹೊರಟಿತು.