ಅಲುಗಾಡದ ಮರಕುಟಿಗ

ಸಕ್ಕರೆ ಕಾಯಿಲೆ ನನ್ನ ಗಂಡನ ಬಲಗಣ್ಣನ್ನು ಪೂರ್ತಿ ತಿಂದಿತ್ತು. ಎಡಗಣ್ಣೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಅವರಿಗೆ ಏನಾದರೂ ಕಾಣುತ್ತಿತ್ತು.

ಜಂಗಮಕೋಟೆ ಕಡೆ ಧನುರ್ಮಾಸದ ಮಂಜು ಹೇಗಿರುತ್ತದೆಂದು ಗೊತ್ತಲ್ಲ, ಎದುರು ಮನೆಯೂ ಕಾಣುವುದಿಲ್ಲ. ಅಂಥ ಒಂದು ಬೆಳಿಗ್ಗೆ ಹಿತ್ತಲಿನಿಂದ ಟಕಟಕ ಸದ್ದು ಬಂತು.

"ಯಾರೇ ಅದು, ನನ್ ಚಟ್ಟ ಕಟ್ತಾವ್ರಾ?" ಎಂದರು ಮಲಗಿದ್ದಲ್ಲಿಂದಲೇ.

"ಮರಕುಟಿಗ ಕಣ್ರೀ. ಸುಳಿ ಕೊಳೆತ ತೆಂಗಿನ ಮರದಾಗೆ ಹುಳ ಕೀಳ್ತೈತೆ. ಬೆನ್ನು ಚಿನ್ನದಂಗೈತೆ, ತಲೆ ಕೆಂಪಗೆ."

"ಒಂದು ಫೋಟೊ ತೆಗಿಯೇ. ಇನ್ನೂ ಕಾಣೋವಾಗ್ಲೇ ನೋಡ್ಬಿಡ್ತೀನಿ."

ಹೇಳಿದಷ್ಟು ಸುಲಭವಿರಲಿಲ್ಲ. ಹಿತ್ತಲ ಬಾಗಿಲು ಕಿರ್ರೆಂದರೆ ಸಾಕು, ಅದು ಕಾಂಡದ ಆಚೆ ಬದಿಗೆ ಸರಿದುಬಿಡುತ್ತಿತ್ತು. ಸಿಕ್ಕಿದ ಒಂದೇ ಫೋಟೊ ನೋಡಿ, "ಇದು ಹಕ್ಕಿನಾ, ಒಣಮೆಣಸಿನಕಾಯಾ?" ಎಂದು ನಕ್ಕರು.

ಆ ಮರ ಇದ್ದದ್ದು ರೇಷ್ಮೆ ಹುಳು ಸಾಕುವ ಮನೆಯ ಗೋಡೆಗೆ ಅಂಟಿಕೊಂಡು. ಪೊರೆ ಬಿಡುವ ಮೊದಲು ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನಾಗುತ್ತವೆ. ನಾವದನ್ನು ಜ್ವರ ಎನ್ನುತ್ತೇವೆ; ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದವು ಎನ್ನುತ್ತೇವೆ. ಆಗ ಅಲ್ಲಿ ಯಾರೂ ಜೋರಾಗಿ ಮಾತನಾಡಬಾರದು, ತಟ್ಟೆ ಅಲುಗಬಾರದು. ಆ ವಾರ ನಾಲ್ಕನೇ ಜ್ವರ. ಹುಳು ನೋಡಿಕೊಳ್ಳುವವರು ನನ್ನ ಅತ್ತೆ. ಮಗನ ಔಷಧಿ ನಡೆಯುತ್ತಿದ್ದದ್ದೂ ಅದರಿಂದಲೇ.

"ಗೋಡೆಯೆಲ್ಲ ಅದುರ್ತೈತೆ, ಓಡಿಸ್ಬಿಡ್ತೀನಿ ಅದನ್ನ" ಎಂದರು ಅತ್ತೆ.

"ಅವರು ನೋಡ್ಬೇಕಂತಾವ್ರೆ ಅತ್ತೆ."

ಅತ್ತೆ ಕತ್ತೆತ್ತಿ ಮರದ ಕಡೆ ನೋಡಿದರು. "ಹುಳ ಜ್ವರ ಏಳ್ಲಿ ಕಣಮ್ಮ. ಆಮೇಲೆ ಮದುವೆ ಫೋಟೊ ತೆಗ್ದಂಗೆ ತೆಗೀವಂತೆ. ಅಲ್ಲೀವರ್ಗೂ ಕುಟ್ಟದಂಗೆ ಮಾಡ್ತೀನಿ."

ಹುಳುಗಳ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಕಟ್ಟುವ ನೈಲಾನ್ ಬಲೆಯ ಹಳೇ ತುಂಡನ್ನು ಅವರು ಏಣಿ ಹತ್ತಿ ಕಾಂಡಕ್ಕೆ ಸುತ್ತಿದರು. ಕಲ್ಲು ಹೊಡೆಯಲಿಲ್ಲ. ಮಗನಿಗಾಗಿ ಹಕ್ಕಿಯನ್ನು ಉಳಿಸಿಕೊಂಡೆ ಎಂದೇ ಅವರು ತಿಳಿದಿದ್ದರು.

ಮಾರನೇ ಬೆಳಿಗ್ಗೆ ಸದ್ದಿಲ್ಲ. ಹೋಗಿ ನೋಡಿದರೆ ಬಲೆಯ ಹರಕಿನಲ್ಲಿ ಕತ್ತು ಸಿಕ್ಕಿಕೊಂಡು ಹಕ್ಕಿ ನೇತಾಡುತ್ತಿತ್ತು. ಅತ್ತೆಯೇ ಏಣಿ ಹತ್ತಿ ಬಿಡಿಸಿದರು. ಆಗಲೇ ತಣ್ಣಗಾಗಿತ್ತು. ಅಂಗೈ ಮೇಲಿಟ್ಟುಕೊಂಡು ನನ್ನ ಮುಂದೆ ಹಿಡಿದರು.

"ತೆಗಿ. ಈಗ ಅಲ್ಲಾಡಲ್ಲ."

ತೆಗೆದೆ. ಫೋಟೊದಲ್ಲಿ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಂಡಿತು.

ಗಂಡ ಫೋನನ್ನು ಎಡಗಣ್ಣಿಗೆ ಒತ್ತಿಕೊಂಡು ಚಿತ್ರ ದೊಡ್ಡದು ಮಾಡುತ್ತ ಹೋದರು. "ಎಂಥ ಬಣ್ಣ ಕಣೇ" ಎಂದರು. ಬೆರಳು ಜಾರಿ ಚಿತ್ರದ ಕೆಳಭಾಗಕ್ಕೆ ಬಂದು ಅಲ್ಲೇ ನಿಂತಿತು.

"ಈ ಕೈ ಅಮ್ಮಂದಲ್ವಾ? ಸೊಪ್ಪಿನ ಕರೆ ಐತೆ."

"ಹೂಂ" ಎಂದೆ.

ಅತ್ತೆ ಬಾಗಿಲಾಚೆ ನಿಂತಿದ್ದು ಅವರಿಗೆ ಕಾಣುತ್ತಿರಲಿಲ್ಲ, ಆದರೆ ಗೊತ್ತಿತ್ತು.

"ಅಮ್ಮ, ಹುಳ ಜ್ವರ ಎದ್ವಾ?"

"ಎದ್ವು ಕಣಪ್ಪ." ಒಳಗೆ ಮಾತ್ರ ಬರಲಿಲ್ಲ.

"ಸೊಪ್ಪು ಹಾಕೋಗಮ್ಮ ಮತ್ತೆ. ಹಸ್ಕೊಂಡಿರ್ತಾವೆ."

ಅತ್ತೆ ಹೋದ ಮೇಲೂ ಅವರು ಫೋನು ಕೆಳಗಿಡಲಿಲ್ಲ. ಪರದೆ ಕಪ್ಪಾದಾಗಲೆಲ್ಲ ನನ್ನ ಕಡೆ ಚಾಚುತ್ತಿದ್ದರು. ನಾನು ಮತ್ತೆ ಬೆಳಗಿಸಿ ಕೊಡುತ್ತಿದ್ದೆ.