ನಾಲ್ಕು ಬೆರಳ ಬಾಲ

ಗಡಿಯ ಗೋದಾಮಿಗೆ ಹೋಗಿ ದಬ್ಬಣದಕ್ಕ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ‘ಹೊಲಿಗೆ, ಹೆಣ್ಣು, ಒಂದು’. ಹತ್ತೊಂಬತ್ತು ವರ್ಷ ಆ ಸಾಲನ್ನು ಯಾರೂ ತಿದ್ದಲಿಲ್ಲ. ಅಲ್ಲಿನ ತೂಕದ ಯಂತ್ರಕ್ಕಾದರೂ ಒಂದು ನಂಬರಿತ್ತು, ಅದಕ್ಕೆ ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಿದ್ದರು.

ಅವಳ ಕೆಲಸ ಇಷ್ಟೇ. ಒಂದು ದೇಶದ ಲಾರಿ ಇನ್ನೊಂದರ ನೆಲದ ಮೇಲೆ ಓಡುವಂತಿಲ್ಲ. ಆಚೆಗೊಂದು ಗೇಟು, ಈಚೆಗೊಂದು ಗೇಟು, ನಡುವೆ ಡಾಂಬರಿನ ಅಂಗಳ. ಆಚೆಯ ಲಾರಿ, ಈಚೆಯ ಲಾರಿ ಎರಡೂ ಅಂಗಳಕ್ಕೆ ಬಂದು ಮುನಿಸಿಕೊಂಡ ಓರಗಿತ್ತಿಯರ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಸರಕು ಹಮಾಲರ ಹೆಗಲೇರಿ ದೇಶ ದಾಟುತ್ತಿತ್ತು. ದಾಟುವಾಗ ತಪಾಸಣೆಯವರು ಹತ್ತಕ್ಕೊಂದು ಚೀಲ ಬಿಚ್ಚಿಸಿ, ಕೈಹಾಕಿ ಕಲಕಿ ನೋಡುತ್ತಿದ್ದರು. ಬಿಚ್ಚುವುದೂ ಮತ್ತೆ ಹೊಲಿಯುವುದೂ ದಬ್ಬಣದಕ್ಕನ ಪಾಲಿಗೆ. ಗೇಣುದ್ದದ, ತುದಿ ಬಾಗಿದ ದಬ್ಬಣ ಅವಳದೇ ಸ್ವಂತದ್ದು. ಗೋಡೆಗೊರಗಿ ಕೂತು, ಚೀಲದ ಬಾಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡರೆ ಹದಿನಾಲ್ಕು ಹೊಲಿಗೆ, ಒಂದು ಗಂಟು, ಮುಗಿಯಿತು. ಹಮಾಲ ಹೆಗಲು ತಗ್ಗಿಸುವಷ್ಟರಲ್ಲಿ ಚೀಲ ಸಿದ್ಧ.

ಆ ಹಮಾಲರಲ್ಲೊಬ್ಬ ಅವಳ ಗಂಡ. ಅವನ ಹೆಗಲಿಗೆ ಬರುವ ಚೀಲದ ಹೊಲಿಗೆಯನ್ನು ಅವಳು ಒಂದು ಕೈ ಹೆಚ್ಚು ಬಿಗಿಯುತ್ತಾಳೆ ಎಂದು ಜೊತೆಯವರು ರೇಗಿಸುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.

ಈ ಕಸುಬಿನಲ್ಲಿ ಒಂದು ಮರ್ಯಾದೆಯಿತ್ತು. ಯಾವ ಕಾನೂನಿನಲ್ಲೂ ಬರೆದದ್ದಲ್ಲ. ಈಚೆ ಹೊಲಿದ ಚೀಲವನ್ನು ಆಚೆ ಬಿಚ್ಚಲೇಬೇಕು, ಆಚೆಯದನ್ನು ಈಚೆ. ಹೊಲಿದವಳು ಗಂಟಿನ ಬುಡದಲ್ಲೇ ಹುರಿ ಕತ್ತರಿಸಿಬಿಟ್ಟರೆ ಬಿಚ್ಚುವವಳು ಚಾಕು ಹಾಕಬೇಕು, ಚಾಕು ಹಾಕಿದರೆ ಗೋಣಿ ಹರಿಯುತ್ತದೆ, ಒಮ್ಮೊಮ್ಮೆ ಬೆರಳೂ. ಅದಕ್ಕೇ ಕೊನೆಯಲ್ಲಿ ಜಾರುಗಂಟು ಹಾಕಿ, ನಾಲ್ಕು ಬೆರಳಷ್ಟು ಹುರಿ ಉಳಿಸಿ, ಹೊಲಿಗೆಯ ಒಳಗೆ ಮಡಚಿ ಸಿಕ್ಕಿಸುವುದು. ಬಲ್ಲವಳು ಅದನ್ನು ಹುಡುಕಿ ಒಮ್ಮೆ ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ‘ಬಾಲ ಬಿಡೋದು’ ಎಂದು ಹೆಸರು. ಎರಡು ಸರ್ಕಾರಗಳು ಕಡತಗಟ್ಟಲೆ ಒಪ್ಪಂದ ಬರೆದು ಮುರಿದವು. ಬಾಲದ ಒಪ್ಪಂದವನ್ನು ಇಬ್ಬರು ಹೆಂಗಸರು ಒಂದು ದಿನವೂ ಮುರಿಯಲಿಲ್ಲ.

ಆ ಇನ್ನೊಬ್ಬಳನ್ನು ದಬ್ಬಣದಕ್ಕ ಕಂಡವಳೇ ಅಲ್ಲ. ಆಚೆ ಗೇಟಿನ ಹಿಂದಿನ ಗೋದಾಮಿನಲ್ಲಿ ಅವಳು ಕೂರುವ ಜಾಗ. ಇವಳು ಬಲದಿಂದ ಎಡಕ್ಕೆ ಹೊಲಿದರೆ ಅವಳು ಎಡದಿಂದ ಬಲಕ್ಕೆ. ಹೊಲಿಗೆಯ ಓರೆಯೂ ಉಲ್ಟಾ, ಬಾಲವೂ ಬಲ ಮೂಲೆಯಲ್ಲಿ. ಎಡಗೈಯವಳು ಎಂದು ಗೊತ್ತಾಗಿ ದಬ್ಬಣದಕ್ಕ ಅವಳಿಗೆ ಎಡಚಿ ಎಂದು ಹೆಸರಿಟ್ಟಳು. ಎಡಚಿಯ ಬಗ್ಗೆ ಅವಳಿಗೆ ಬೇಕಾದಷ್ಟು ಗೊತ್ತಿತ್ತು. ಹೊಲಿಗೆ ಸಡಿಲವಾದ ವಾರ ಅವಳಿಗೆ ಜ್ವರ. ಮೂರು ತಿಂಗಳು ಬೇರೆ ಯಾರದೋ ಒರಟು ಕೈ ಕಾಣಿಸಿದಾಗ, ಹೆರಿಗೆಗೆ ಹೋಗಿರಬೇಕು ಎಂದು ಇವಳೇ ತೀರ್ಮಾನಿಸಿ, ಮನೆಗೆ ಬಂದು ಅತ್ತೆಗೆ ಸುದ್ದಿ ಹೇಳಿದ್ದಳು. ಅತ್ತೆ, “ಗಂಡೋ ಹೆಣ್ಣೋ, ಅದನ್ನೂ ಹುರಿಯಲ್ಲಿ ಬರೆದಿದ್ದಾಳಾ?” ಎಂದು ಕೇಳಿದ್ದಳು.

ಆಮೇಲೆ ನಿಷೇಧ ಬಂತು.

ಜಗಳ ಯಾತಕ್ಕೆ ಎಂದು ಅಂಗಳದಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನೆರೆಯವರಿಗೆ ಪಾಠ ಕಲಿಸುತ್ತೇವೆ ಎಂದು ಇತ್ತಲಿನ ಮಂತ್ರಿ ಟೀವಿಯಲ್ಲಿ ಹೇಳಿದ. ಅತ್ತಲಿನವನೂ ಅದೇ ಮಾತನ್ನು ತನ್ನ ಭಾಷೆಯಲ್ಲಿ ಹೇಳಿದನಂತೆ. ಕಲಿತವರು ಯಾರು? ಗೇಟಿನ ಎದುರು ಟೀ ಕಾಸುತ್ತಿದ್ದವನು ಒಲೆ ಮಾರಿದ. ಟೈರು ತೇಪೆಯವನು ಬಾಗಿಲಿಗೆ ಹಲಗೆ ಬಡಿದ. ಮೊದಲ ವಾರ ಅಂಗಳದಲ್ಲಿ ಸಿಕ್ಕಿಬಿದ್ದ ನಲವತ್ತು ಲಾರಿ ಟೊಮೆಟೊ ಕೊಳೆತು, ಕೆಂಪು ನೀರು ಎರಡೂ ದೇಶಗಳ ಚರಂಡಿಗೆ ಸಮಸಮನಾಗಿ ಹರಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡ ಹೆಂಡಿರು ದಷ್ಟಪುಷ್ಟವಾಗಿಯೇ ಇದ್ದರು.

ಇನ್ನೂರು ಹಮಾಲರಲ್ಲಿ ಹನ್ನೆರಡು ಮಂದಿ ಉಳಿದರು. ದಬ್ಬಣದಕ್ಕನ ಗಂಡ ಉಳಿದವರಲ್ಲಿ ಇರಲಿಲ್ಲ. ಎಂಟು ತಾಸಿನ ದಾರಿಯಾಚೆ ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚು ಹೊರುವ ಕೆಲಸಕ್ಕೆ ಹೋದ. ತಿಂಗಳಿಗೊಂದು ಭಾನುವಾರ ಮನೆಗೆ ಬರುತ್ತಿದ್ದ. ಬಂದವನು ಅರ್ಧ ದಿನ ಮಲಗುತ್ತಿದ್ದ, ಉಳಿದರ್ಧ ದಿನ ತಾಯಿಯ ಬೈಗುಳ ಕೇಳುತ್ತಿದ್ದ, ಸಂಜೆಯ ಬಸ್ಸು ಹತ್ತುತ್ತಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳಕ್ಕೆ ತೀರ್ಪು ಕೊಡುವವನಿಲ್ಲದೆ ಜಗಳವೂ ರುಚಿಗೆಟ್ಟಿತು.

ಆಚೆಯಿಂದ ಬರುತ್ತಿದ್ದ ಕಡಲೆ ಮಾತ್ರ ಜನಕ್ಕೆ ಬೇಕೇ ಬೇಕಲ್ಲ. ಐದಾರು ತಿಂಗಳಿಗೆ ಅದು ಹಡಗಿನಲ್ಲಿ ಬರತೊಡಗಿತು. ಯಾವುದೋ ಮೂರನೆಯ ದೇಶದಲ್ಲಿ ಬೆಳೆದದ್ದು ಎಂದು ಕಾಗದ. ಬಂದರಿನಲ್ಲಿ ಜಾಗ ಸಾಲದೆ, ಖಾಲಿ ಬಿದ್ದಿದ್ದ ಗಡಿಯ ಗೋದಾಮಿಗೇ ಚೀಲಗಳನ್ನು ಸಾಗಿಸಿ ತಪಾಸಣೆ ನಡೆಸಿದರು. ದಬ್ಬಣದಕ್ಕನನ್ನು ಕರೆಸಿ ವಾರಕ್ಕೊಮ್ಮೆ ನವೀಕರಿಸಬೇಕಾದ ಪಾಸು ಕೊಟ್ಟರು. ಪೇಟೆಯಲ್ಲಿ ಕಡಲೆಯ ಬೆಲೆ ಮೂರು ಪಟ್ಟಾಗಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ದೇವರ ಮೇಲೆ ಹಾಕುತ್ತಿದ್ದ ಕಾಲ ಹೋಯಿತು, ಈಗ ಅದು ಸಚಿವಾಲಯದ ಆದೇಶ.

ಗೋದಾಮಿಗೆ ಹೊಸದಾಗಿ ಬಂದಿದ್ದ ತಪಾಸಣೆ ಸಾಹೇಬ ಚಿಕ್ಕ ವಯಸ್ಸಿನವನು, ಲಂಚ ಮುಟ್ಟುವವನಲ್ಲ, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವವನು. ಅವನಿಗೆ ಈ ಕಡಲೆಯ ಮೇಲೆ ಅನುಮಾನ. ಕಾಗದ ಸರಿಯಿದೆ, ಮೊಹರು ಸರಿಯಿದೆ, ಕಾಳು ಮಾತ್ರ ಗೋದಾಮಿನ ಹಿಂದಿನ ಕಿಟಕಿಯಿಂದ ಕಾಣುವ ಆಚೆಯ ಹೊಲದ ಕಾಳಿನ ಹಾಗೇ ಇದೆ. ಆದರೆ ಕಡಲೆಗೆ ಬಾಯಿ ಬಂದು ಊರು ಹೇಳುತ್ತದೆಯೇ?

ಆ ಬುಧವಾರ ಬೆಳಿಗ್ಗೆ ಸಾಹೇಬ ಪಕ್ಕದಲ್ಲೇ ನಿಂತು ಚೀಲ ಬಿಚ್ಚಿಸುತ್ತಿದ್ದ. ಅಲ್ಲಿಯವರೆಗೆ ಬಂದ ಹಡಗಿನ ಚೀಲಗಳೆಲ್ಲ ಯಂತ್ರದ ಹೊಲಿಗೆಯವು, ದಬ್ಬಣದಕ್ಕ ಚಾಕು ಹಾಕಿ ಕೊಯ್ಯುತ್ತಿದ್ದಳು. ನಡುವೆ ಹಮಾಲರ ಮೇಸ್ತ್ರಿ ಬಂದು ತನ್ನ ಹಲ್ಲುನೋವಿನ ಕಥೆ ಶುರು ಮಾಡಿದ. ಅವಳು ಅವನತ್ತ ಮುಖ ತಿರುಗಿಸಿ ಹೂಂಗುಟ್ಟುತ್ತಿದ್ದಂತೆ ಮುಂದಿನ ಚೀಲ ಮೊಣಕಾಲಿನ ನಡುವೆ ಬಂತು. ಚಾಕು ಕೆಳಗಿಟ್ಟ ಕೈ ತನ್ನಷ್ಟಕ್ಕೆ ಬಲ ಮೂಲೆಗೆ ಹೋಯಿತು, ಹೊಲಿಗೆಯ ಒಳಗಿಂದ ನಾಲ್ಕು ಬೆರಳ ಹುರಿಯನ್ನು ಹೊರಗೆಳೆಯಿತು, ಒಮ್ಮೆ ಜಗ್ಗಿತು. ಸರ್ರನೆ ಬಾಯಿ ಬಿಚ್ಚಿಕೊಂಡ ಮೇಲೆಯೇ ಅವಳು ಚೀಲದತ್ತ ನೋಡಿದ್ದು.

ಅಲ್ಲಿ ಎಡಚಿಯ ಕೈ ರೂಢಿಯಂತೆ ಬಾಲ ಬಿಟ್ಟಿತ್ತು. ಇಲ್ಲಿ ಇವಳ ಕೈ ರೂಢಿಯಂತೆ ಎಳೆದಿತ್ತು. ಸಮುದ್ರ ಸುತ್ತಿ, ಎರಡು ಬಂದರು ದಾಟಿ, ಸುಳ್ಳು ಹೆಸರು ಹೊತ್ತು ಬಂದ ಚೀಲವನ್ನು ಎರಡು ಕೈಗಳೇ ಸೇರಿ ಹಿಡಿದುಕೊಟ್ಟಿದ್ದವು. ಬದುಕಿದ್ದಾಳೆ, ಇನ್ನೂ ಕೆಲಸದಲ್ಲಿದ್ದಾಳೆ ಎಂದು ದಬ್ಬಣದಕ್ಕನಿಗೆ ಒಂದು ಗಳಿಗೆ ಸಂತೋಷವಾಯಿತು. ಆ ಸಂತೋಷ ಮುಖದ ಮೇಲೂ ಬಂದಿರಬೇಕು.

ಸಾಹೇಬ ಕುಕ್ಕರುಗಾಲಲ್ಲಿ ಕೂತ. “ಹುರಿ ತುದಿ ಆ ಮೂಲೇಲಿ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?”

ಅವಳು ಹುರಿಯನ್ನು ಬೆರಳಿಗೆ ಸುತ್ತತೊಡಗಿದಳು. ಮೇಸ್ತ್ರಿ ಹಲ್ಲುನೋವನ್ನು ಅಲ್ಲಿಗೇ ಬಿಟ್ಟು ಜಾಗ ಖಾಲಿ ಮಾಡಿದ.

ಸಾಹೇಬ ಗದರಿಸಲಿಲ್ಲ. ಕೋಣೆಗೆ ಕರೆದು ಕುರ್ಚಿ ಕೊಟ್ಟ. ಆ ಕೋಣೆಯಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಈ ಹೊಲಿಗೆ ಆಚೆಯ ಗೋದಾಮಿನದು ಎಂದು ಒಂದು ಹೇಳಿಕೆಗೆ ಸಹಿ ಹಾಕಿದರೆ ಸಾಕು, ಸಾಲಿನಲ್ಲಿದ್ದ ಆರುನೂರು ಚೀಲ ಜಪ್ತಿಯಾಗುತ್ತವೆ ಎಂದ. ಮುಂದೆ ಬರುವ ಚೀಲಗಳನ್ನು ಗುರುತಿಸಲು ಇಲಾಖೆಗೆ ಒಬ್ಬರು ಬೇಕು, ಖಾಯಂ ಕೆಲಸ, ಫೋಟೋ ಇರುವ ಕಾರ್ಡು. ಜಪ್ತಿ ಮಾಲು ಕಾಯುವ ಕೆಲಸಕ್ಕೆ ಅವಳ ಗಂಡನನ್ನೂ ಹಾಕಿಸಬಹುದು, ಹಂಚು ಹೊರುವುದು ಬಿಟ್ಟು ಮನೆಗೆ ಬರಲಿ ಎಂದ. ಸಹಿ ಹಾಕದಿದ್ದರೆ ಪಾಸು ಮುಂದುವರಿಸುವುದು ತನ್ನ ಕೈಯಲ್ಲಿಲ್ಲ ಎಂದೂ ಅಷ್ಟೇ ಮೆತ್ತಗೆ ಹೇಳಿದ. ಯೋಚಿಸಿ ಶುಕ್ರವಾರ ಬನ್ನಿ ಎಂದ.

ಒಳ್ಳೆಯ ಮನುಷ್ಯನ ಕೈಯಲ್ಲಿ ಕೆಟ್ಟ ಕಾನೂನು ಕೊಟ್ಟರೆ ಅದು ಹೀಗೇ ಕುರ್ಚಿ ಹಾಕಿ ಕೂರಿಸಿ ಕತ್ತು ಕೊಯ್ಯುತ್ತದೆ.

ಮನೆಯಲ್ಲಿ ಅತ್ತೆ ಹೊಸ್ತಿಲ ಮೇಲೆ ಕೂತು ಕಾಳಿನ ಕಲ್ಲು ಆರಿಸುತ್ತಿದ್ದಳು. ಪೂರ್ತಿ ಕೇಳುವ ಮುಂಚೆಯೇ ತೀರ್ಮಾನ ಕೊಟ್ಟಳು. “ಹಾಕು ಸಹಿ. ನನ್ನ ಮಗ ಉಂಡನೋ ಬಿಟ್ಟನೋ ಅಂತ ದಿನಾ ಈ ಗೋಡೇನ ಕೇಳ್ಕೊಂಡು ಕೂತಿದ್ದೀನಿ.”

ದಬ್ಬಣದಕ್ಕ ಕಾಲು ತೊಳೆದು ಬಂದು ಪಕ್ಕದಲ್ಲಿ ಕೂತಳು. ಅತ್ತೆ ಎರಡು ಕಲ್ಲು ಎಸೆದ ಮೇಲೆ ಕೇಳಿದಳು.

“ಹಿಡಿದ ಮಾಲು ಏನ್ ಮಾಡ್ತಾರೆ?”

“ಸುಡ್ತಾರೆ.”

“ಕಡಲೇನಾ?”

“ಕಡಲೇನೇ.”

ಮೊರ ನಿಂತಿತು. ಒಂದು ಕಾಳು ನೆಲಕ್ಕೆ ಬಿದ್ದರೆ ಮಂಚದ ಅಡಿಗೂ ತೂರಿ ಹೆಕ್ಕುವ ಮುದುಕಿ ಅದು. ಆರುನೂರು ಚೀಲ ಉರಿಯುವುದನ್ನು ಅವಳು ಲೆಕ್ಕ ಹಾಕಲಾರದೆ ಬಿಟ್ಟಳು.

“ಆ ಎಡಚಿ?”

“ಅವಳ ಗೋದಾಮೂ ಮುಚ್ಚುತ್ತೆ. ಇನ್ನೇನಿದೆ ಅಲ್ಲಿ?”

“ಅವಳಿಗೂ ಒಬ್ಬ ಅತ್ತೆ ಇರ್ತಾಳೆ. ಪಾಪ.”

“ಪಾಪ ಯಾರು, ಎಡಚೀನೋ ಅವಳ ಅತ್ತೆನೋ?”

“ಸೊಸೆ ನಿನ್ನ ಹಾಗಿದ್ರೆ ಅತ್ತೇನೇ ಪಾಪ.” ಅತ್ತೆ ಮೊರವನ್ನು ಮತ್ತೆ ಕೊಡವಿದಳು. ಮುಖ ಎತ್ತದೆ, “ಆದ್ರೂ ನನ್ನ ಮಗ ನನಗೆ ಬೇಕು” ಎಂದಳು. ಸೊಸೆ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ತನಗೂ ಬೇಕು ಎನ್ನುವುದನ್ನು ಅತ್ತೆಯ ಎದುರು ಹೇಗೆ ಹೇಳುವುದು?

ಗುರುವಾರವೆಲ್ಲ ಅವಳು ಸಹಿ ಹಾಕಿದವಳಾಗಿಯೇ ಓಡಾಡಿದಳು. ಗಂಡ ಇರುವ ಮನೆಯನ್ನು ಕಲ್ಪಿಸಿಕೊಂಡಳು, ಗೂಟಕ್ಕೆ ಅವನ ಅಂಗಿ ತಗುಲಿಹಾಕಿದಳು. ಅಷ್ಟು ದೂರ ಸಲೀಸಾಗಿ ಹೋದ ಕಲ್ಪನೆ, ಕಾರ್ಡು ಹಾಕಿಕೊಂಡು ಗೋದಾಮಿನಲ್ಲಿ ಕೂತ ತನ್ನ ಹತ್ತಿರ ಬಂದು ನಿಂತುಬಿಟ್ಟಿತು. ದಿನಾ ಚೀಲದ ಬಲ ಮೂಲೆಗೆ ಬೆರಳು ಹಾಕಬೇಕು. ಬಾಲ ಸಿಕ್ಕರೆ, ಸಾಹೇಬ್ರೇ ಇಲ್ಲಿದೆ ಎಂದು ಕೂಗಬೇಕು. ಇನ್ನೊಬ್ಬಳ ಬೆರಳು ಕೊಯ್ಯದಿರಲಿ ಎಂದು ಬಿಟ್ಟ ಹುರಿಯನ್ನೇ ಹಿಡಿದು ಅವಳ ಕೊರಳಿಗೆ ಸುತ್ತಬೇಕು. ಗುರುತು ಹಿಡಿಯುವವಳಿದ್ದಾಳೆ ಎಂದು ತಿಳಿದರೆ ಎಡಚಿ ಬಾಲ ಬಿಡುವುದನ್ನು ನಿಲ್ಲಿಸುತ್ತಾಳೆ ಎಂಬುದಂತೂ ಸತ್ಯ. ಆದರೆ ಅವಳಿಗೆ ತಿಳಿಸುವವರು ಯಾರು?

ಶುಕ್ರವಾರ ಹೇಳಿಕೆ ಟೈಪಾಗಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಶಾಯಿಯ ಡಬ್ಬಿಯೂ ಇತ್ತು. ಅವಳಿಗೆ ಸಹಿ ಬರುವುದಿಲ್ಲ ಎಂದು ಯಾರೋ ಊಹಿಸಿದ್ದರು. ಅವಳಿಗೆ ಸಹಿ ಬರುತ್ತಿತ್ತು. ಕೂರಲು ಹೇಳಿದರೂ ಅವಳು ಕೂರಲಿಲ್ಲ.

“ಸಾಹೇಬ್ರೇ, ನನಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ಗೊತ್ತಿಲ್ಲ ಅನ್ನಲ್ಲ. ಆದ್ರೆ ಹೇಳಲ್ಲ.”

“ಇದು ಕಳ್ಳಸಾಗಣೆ ಅಕ್ಕ. ನಿಮ್ಮ ಗಂಡನ ಕೆಲಸ ಹೋಗಿದ್ದೂ ಇಂಥವರಿಂದಲೇ.”

“ನನ್ನ ಗಂಡ ಹೊತ್ತಿದ್ದೂ ಈ ಕಡಲೇನೇ ಸಾಹೇಬ್ರೇ. ಆಗ ಅದಕ್ಕೆ ವ್ಯಾಪಾರ ಅಂತಿದ್ರಿ.”

ಸಾಹೇಬ ಕಿಟಕಿಯತ್ತ ನೋಡಿದ. ಅಲ್ಲಿ ಆಚೆಯ ಹೊಲ ಹಸಿರಾಗಿ ನಿಂತಿತ್ತು. ಅವನಿಗೂ ಗೊತ್ತಿರದ ವಿಷಯವಲ್ಲ ಅದು. ಹೇಳಿಕೆಯನ್ನು ಕಡತಕ್ಕೆ ಸೇರಿಸಿ, ಪಾಸು ಕೊಡಿ ಎಂದು ಕೈ ಚಾಚಿದ. ಅವಳು ಸೆರಗಿನ ಗಂಟು ಬಿಚ್ಚಿ ಪಾಸು ಕೊಟ್ಟಳು, ಗೋಡೆಯ ಬದಿಯಿಂದ ತನ್ನ ದಬ್ಬಣ ಎತ್ತಿಕೊಂಡಳು, ಹತ್ತೊಂಬತ್ತು ವರ್ಷದ ಗೋದಾಮಿನಿಂದ ಹತ್ತೊಂಬತ್ತು ಹೆಜ್ಜೆಯಲ್ಲಿ ಹೊರಬಿದ್ದಳು.

ಸಾಕ್ಷಿಯಿಲ್ಲದೆ ಇಪ್ಪತ್ತು ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲವಾಗಿ ಕಡಲೆ ಬಿಡುಗಡೆಯಾಯಿತು. ಅಷ್ಟರಲ್ಲಿ ಹುಳ ಹಿಡಿದಿತ್ತು, ಬೆಲೆ ಮಾತ್ರ ಹುಳಕ್ಕೂ ಸೇರಿಸಿ ಹಾಕಿದರು. ಅದನ್ನು ತರಿಸಿದ ಸಾಹುಕಾರನಿಗೆ ದಬ್ಬಣದಕ್ಕ ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಿಷೇಧ ಇನ್ನೂ ಒಂದು ವರ್ಷ ಮುಂದುವರಿಯಲಿ ಎಂದು ಬೇಡುವವರಲ್ಲಿ ಅವನೇ ಮೊದಲಿಗ. ಅವಳು ಉಳಿಸಿದ್ದು ಅವನನ್ನಲ್ಲ ಎಂದು ಹೇಳಿದರೆ ನಂಬುವವರು ನಂಬಲಿ.

ಪಾಸು ಹೋದ ಮೂರನೆಯ ದಿನ, ಭಾನುವಾರ, ಗಂಡ ಬಂದ. ಬಸ್ಸಿನಿಂದಿಳಿದು ಮನೆ ಸೇರುವಷ್ಟರಲ್ಲಿ ಮೇಸ್ತ್ರಿ ಸಿಕ್ಕಿ ಎಲ್ಲ ಊದಿದ್ದ. ಚಪ್ಪಲಿ ಬಿಚ್ಚದೆ ಬಾಗಿಲಲ್ಲಿ ನಿಂತ. ಅವನ ಕುತ್ತಿಗೆಯ ಮೇಲೆ ಹಂಚಿನ ಹಲಗೆ ಕೂತು ಕೂತು ಹೊಸದೊಂದು ಗಡ್ಡೆ ಎದ್ದಿತ್ತು.

“ನನ್ನ ಒಂದ್ಮಾತು ಕೇಳಬಹುದಿತ್ತು.”

“ಕೇಳಿದ್ರೆ ಹಾಕು ಅಂತಿದ್ದೆ.”

“ಅಂತಿದ್ದೆ.”

ಅವನು ಈ ಸಲ ಮಲಗಲಿಲ್ಲ, ಹಿತ್ತಲಲ್ಲಿ ಹೋಗಿ ಕೂತ. ಸಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು, ಇರಲಿ ಎಂದು ಬಿಟ್ಟಳು. ಅವನ ಸಿಟ್ಟಿಗೆ ಹಕ್ಕಿತ್ತು. ಸಂಜೆ ಬಸ್ಸಿನ ಹೊತ್ತಿಗೆ ಒಳಗೆ ಬಂದು, ಗೋಡೆಗೆ ಹೇಳುವವನಂತೆ, ಕಾರ್ಖಾನೆಯಲ್ಲಿ ಹಂಚು ಒಣಗಿಸುವ ಸಾಲಿಗೆ ಹೆಂಗಸರನ್ನೂ ತೆಗೆದುಕೊಳ್ಳುತ್ತಾರೆ ಎಂದ. ಸಂಸಾರವಿದ್ದವರಿಗೆ ಒಂದು ಕೋಣೆ ಕೊಡುತ್ತಾರೆ, ಮೇಲೆ ತಗಡು, ಸೆಖೆ ಜಾಸ್ತಿ ಎಂದ. ಕೇಳುವವರಿಗೆ ಅದು ದೂರಿನ ಹಾಗೆ ಇತ್ತು.

“ಈ ಮನೆಗೆ ಬೀಗಾನಾ?” ಅತ್ತೆ ಕೇಳಿದಳು.

ಅತ್ತೆ ಎದ್ದು ತನ್ನ ಸೀರೆಗಳನ್ನು ಹಗ್ಗದಿಂದ ಎಳೆದು ಮಡಚತೊಡಗಿದಳು. ನಾಲ್ಕೇ ಸೀರೆ, ಮಡಚಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

“ಇವತ್ತಲ್ಲಮ್ಮಾ, ಮುಂದಿನ ತಿಂಗಳು” ಎಂದ ಮಗ.

“ಮುಂದಿನ ತಿಂಗಳಿಗೇ ಮಡಚ್ತಿದ್ದೀನಿ. ಎಂಟು ತಾಸಿನ ದಾರಿ, ನನಗೆ ಕಿಟಕಿ ಪಕ್ಕ ಸೀಟು ಬೇಕು. ನಿಮ್ಮಿಬ್ಬರ ಮಧ್ಯೆ ನಾನು ಕೂರಲ್ಲ.”